ಕಾಂಪೋಸ್ಟ್ ಡಬ್ಬದಲ್ಲಿ ಹುಳು ಕಂಡರೆ ಗೊಬ್ಬರ ಕೆಟ್ಟಿತೇ? ಮನೆ ಗೊಬ್ಬರದ ಬಗ್ಗೆ ನಂಬಿಕೆ ಮತ್ತು ನಿಜ

"ಡಬ್ಬದಲ್ಲಿ ಬಿಳಿ ಹುಳು ಕಂಡರೆ ಕೂಡಲೇ ಫಿನಾಯಿಲ್ ಸುರಿಯಿರಿ", "ಎರೆಹುಳುವನ್ನು ಎರಡು ತುಂಡು ಮಾಡಿದರೆ ಎರಡು ಹುಳು ಆಗುತ್ತವೆ", "24 ಗಂಟೆಯಲ್ಲಿ ಗೊಬ್ಬರ ರೆಡಿ". ಮನೆಯಲ್ಲಿ ಗೊಬ್ಬರ ಮಾಡುವ ಬಗ್ಗೆ ಇಂಥ ಮಾತುಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಇವನ್ನು ನಂಬಿದರೆ ಒಳ್ಳೆಯ ಗೊಬ್ಬರವೂ ಹಾಳು, ಹುಳುಗಳೂ ಸಾಯುತ್ತವೆ. ನಿಜ ಯಾವುದು ಎಂದು ಒಂದೊಂದಾಗಿ ನೋಡೋಣ.

ಹಸಿ ಕಸ ಮನೆಯಲ್ಲೇ ಉಳಿದರೆ ಏನು ಲಾಭ?

ತರಕಾರಿ ಸಿಪ್ಪೆ, ಮಿಕ್ಕ ಅನ್ನ ಕಸದ ರಾಶಿಯ ಅಡಿ ಸೇರಿದಾಗ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ. 100 ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ ಮತ್ತು ಮಂಡೂರಿನ ಜನ ವರ್ಷಗಟ್ಟಲೆ ದುರ್ವಾಸನೆ, ನೊಣ, ಕೆಟ್ಟ ನೀರಿನ ನಡುವೆ ಬದುಕಿದ್ದು ನಮಗೆಲ್ಲ ಗೊತ್ತಿರುವ ಕಥೆ. ನಮ್ಮ ಮನೆಯ ಸಿಪ್ಪೆ ಇನ್ನೊಬ್ಬರ ಊರಿಗೆ ಹೋಗಬಾರದು ಎಂದರೆ ಮನೆಯಲ್ಲೇ ಗೊಬ್ಬರ ಮಾಡುವುದು ಸುಲಭದ ದಾರಿ.

ಸಾದಾ ಕಾಂಪೋಸ್ಟ್ ಡಬ್ಬ

• 20 ಲೀಟರಿನ ಎರಡು ಹಳೆಯ ಪೇಂಟ್ ಬಕೆಟ್ ಸಾಕು. ಚೆನ್ನಾಗಿ ತೊಳೆದು, ಪಕ್ಕದಲ್ಲೂ ತಳದಲ್ಲೂ ತೂತು ಮಾಡಿ. ಅಡಿಗೆ ಒಂದು ತಟ್ಟೆ ಇಡಿ.
• ತಳಕ್ಕೆ ತೆಂಗಿನ ನಾರು ಅಥವಾ ತರಗೆಲೆ ಹಾಸಿ. ಒಂದು ಹಿಡಿ ಹಳೆಯ ಗೊಬ್ಬರ ಅಥವಾ ತೋಟದ ಮಣ್ಣು ಉದುರಿಸಿ. ಕೊಳೆಸುವ ಸೂಕ್ಷ್ಮಜೀವಿಗಳು ಅದರಲ್ಲೇ ಇರುತ್ತವೆ.
• ಒಂದು ಬಟ್ಟಲು ಹಸಿ ಕಸ ಹಾಕಿದರೆ ಕನಿಷ್ಠ ಒಂದು ಬಟ್ಟಲು ಒಣ ವಸ್ತು ಹಾಕಿ. ತರಗೆಲೆ, ಕೋಕೋಪೀಟ್, ಮರದ ಹೊಟ್ಟು, ಹರಿದ ರಟ್ಟು ಯಾವುದಾದರೂ ಆಗುತ್ತದೆ.
• ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಿ, ಮುಚ್ಚಳ ಮುಚ್ಚಿ.
• ಒಂದು ಬಕೆಟ್ ತುಂಬಿದ ಮೇಲೆ ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಶುರು ಮಾಡಿ. ಮೊದಲನೆಯದು ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳಲ್ಲಿ ಗೊಬ್ಬರವಾಗುತ್ತದೆ.

ಒಂದು ಹಿಡಿ ತೆಗೆದು ಹಿಂಡಿ ನೋಡಿ. ಹಿಂಡಿದ ಸ್ಪಂಜಿನಂತೆ ತೇವವಿದ್ದರೆ ಸರಿ. ನೀರು ಸುರಿದರೆ ಒಣ ಎಲೆ ಸೇರಿಸಿ, ಪುಡಿಪುಡಿಯಾಗಿ ಉದುರಿದರೆ ಸ್ವಲ್ಪ ನೀರು ಚಿಮುಕಿಸಿ.

ಎರೆಹುಳು ಡಬ್ಬ

ಇದಕ್ಕೆ ಆಳಕ್ಕಿಂತ ಅಗಲ ಮುಖ್ಯ, ಒಂದು ಅಡಿ ಆಳ ಸಾಕು. ನೆನೆಸಿದ ಕೋಕೋಪೀಟ್ ಅಥವಾ ಹರಿದ ರಟ್ಟಿನ ಜೊತೆ ಹಳೆಯ ಸಗಣಿ ಬೆರೆಸಿ ಹಾಸಿ. ಹಸಿ ಸಗಣಿ ಬಿಸಿಯಾಗಿ ಹುಳು ಸಾಯಿಸುತ್ತದೆ, ಅದು ಬೇಡ. ಕಾಲು ಕಿಲೋ ಹುಳುವಿನಿಂದ ಶುರು ಮಾಡಿ. ಹಾಕಿದ್ದು ಕರಗಿದ ಮೇಲಷ್ಟೇ ಮುಂದಿನ ಕಂತು ಹಾಕಿ. ಎಣ್ಣೆ, ಉಪ್ಪು, ಖಾರ ಇರುವ ಅಡುಗೆ ಮತ್ತು ಹೆಚ್ಚು ನಿಂಬೆ ಸಿಪ್ಪೆ ಇದಕ್ಕೆ ಆಗದು. ಎರೆಹುಳು ಉಸಿರಾಡುವುದು ಚರ್ಮದಿಂದ, ಆದ್ದರಿಂದ ತೇವ ಬೇಕೇ ಬೇಕು. ರಾಯಚೂರು, ಕಲಬುರಗಿಯಂಥ ಕಡೆ ಬೇಸಿಗೆಯಲ್ಲಿ ಡಬ್ಬವನ್ನು ನೆರಳಿಗೆ ಸರಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ.

ನಂಬಿಕೆ ಮತ್ತು ನಿಜ

ನಂಬಿಕೆ: ಬಿಳಿ ಹುಳು ಬಂದರೆ ರೋಗ ಬರುತ್ತದೆ.
ನಿಜ: ಡಬ್ಬದಲ್ಲಿ ಕಾಣುವ ದಪ್ಪ, ಚಪ್ಪಟೆ ಹುಳುಗಳು ಬಹಳ ಸಲ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಇವು ಕಸವನ್ನು ಬೇಗ ತಿಂದು ಮುಗಿಸುತ್ತವೆ. ಈ ನೊಣ ಕಚ್ಚುವುದಿಲ್ಲ, ನಮ್ಮ ಊಟದ ಮೇಲೂ ಕೂರುವುದಿಲ್ಲ. ಹುಳು ಬೇಡವೆಂದರೆ ಒಣ ಎಲೆಯ ದಪ್ಪ ಪದರ ಮುಚ್ಚಿ. ಫಿನಾಯಿಲ್ ಹಾಕಿದರೆ ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳೂ ಎರೆಹುಳುಗಳೂ ಸಾಯುತ್ತವೆ.

ನಂಬಿಕೆ: ಕಾಂಪೋಸ್ಟ್ ಎಂದ ಮೇಲೆ ನಾರಲೇಬೇಕು.
ನಿಜ: ನಾತ ಬಂದರೆ ಗಾಳಿ ಸಾಲದು ಅಥವಾ ನೀರು ಹೆಚ್ಚಾಗಿದೆ ಎಂದರ್ಥ. ಒಣ ಎಲೆ ಹಾಕಿ ತಿರುವಿದರೆ ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ. ಸರಿಯಾಗಿ ಮಾಗಿದ ಗೊಬ್ಬರಕ್ಕೆ ಮಳೆ ಬಿದ್ದ ಮಣ್ಣಿನ ವಾಸನೆ.

ನಂಬಿಕೆ: ತುಂಡಾದ ಎರೆಹುಳು ಎರಡಾಗುತ್ತದೆ.
ನಿಜ: ಇಲ್ಲ. ಬಾಲದ ತುಂಡು ಸಾಮಾನ್ಯವಾಗಿ ಸಾಯುತ್ತದೆ. ತಲೆಯ ಭಾಗ ಉದ್ದವಿದ್ದರೆ ಕೆಲವೊಮ್ಮೆ ಬದುಕೀತು. ಎರೆಹುಳು ಹೆಚ್ಚುವುದು ಮೊಟ್ಟೆಯ ಕೋಶಗಳಿಂದ.

ನಂಬಿಕೆ: ತೋಟದಲ್ಲಿ ಅಗೆದು ತಂದ ಯಾವ ಹುಳುವಾದರೂ ಸರಿ.
ನಿಜ: ಆಳದ ಮಣ್ಣಿನಲ್ಲಿ ಬಾಳುವ ಹುಳು ಡಬ್ಬದಲ್ಲಿ ಬಾಳುವುದಿಲ್ಲ. ಕಸ ತಿಂದು ಮೇಲ್ಪದರದಲ್ಲೇ ಇರುವ ಐಸೇನಿಯಾ ಫೆಟಿಡಾ, ಯುಡ್ರಿಲಸ್ ಯುಜೀನಿಯೆಯಂಥ ಜಾತಿಗಳು ಬೇಕು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನಂಬಿಕೆ: ಯಂತ್ರದಲ್ಲಿ 24 ಗಂಟೆಯಲ್ಲಿ ಗೊಬ್ಬರ ಸಿದ್ಧ.
ನಿಜ: ಇಂಥ ಅನೇಕ ಯಂತ್ರಗಳು ಕಸವನ್ನು ಬಿಸಿ ಮಾಡಿ ಒಣಗಿಸಿ ಪುಡಿ ಮಾಡುತ್ತವೆ. ನೀರು ತಾಗಿದರೆ ಆ ಪುಡಿ ಮತ್ತೆ ಕೊಳೆಯಲು ಶುರುವಾಗುತ್ತದೆ. ಅದನ್ನು ನೇರವಾಗಿ ಗಿಡಕ್ಕೆ ಹಾಕಿದರೆ ಬೇರಿಗೆ ಪೆಟ್ಟು. ಕೆಲವು ವಾರ ಮಾಗಿಸಿಯೇ ಬಳಸಿ.

ಇಷ್ಟು ಎಚ್ಚರ ಇರಲಿ

• ಡೈಪರ್, ಸ್ಯಾನಿಟರಿ ಪ್ಯಾಡ್, ಔಷಧಿ, ಬ್ಯಾಟರಿ, ನಾಯಿ ಬೆಕ್ಕಿನ ಮಲ ಡಬ್ಬಕ್ಕೆ ಹಾಕಬೇಡಿ. ಮಾಂಸ, ಮೀನಿನ ಚೂರು ಇಲಿಯನ್ನು ಕರೆಯುತ್ತವೆ.
• ಅಡಿಯ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆಗೆ ನಿಂತ ನೀರೇ ತವರು.
• ಸೋರಿದ ಕಂದು ನೀರನ್ನು ಹತ್ತು ಪಾಲು ನೀರಿಗೆ ಬೆರೆಸಿ ಹೂಗಿಡಕ್ಕೆ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ.
• ಗೊಬ್ಬರ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಅಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ತಿರುವುವಾಗ ಮಾಸ್ಕ್ ಹಾಕಿಕೊಳ್ಳಿ.

ಒಟ್ಟಿನಲ್ಲಿ

ಹಳ್ಳಿಯ ತಿಪ್ಪೆಗುಂಡಿಯಲ್ಲಿ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ, ಈಗ ಅದು ಬಾಲ್ಕನಿಗೆ ಬಂದಿದೆ ಅಷ್ಟೆ. ಹಸಿ, ಒಣ, ಗಾಳಿ, ತೇವ ಈ ನಾಲ್ಕು ಸರಿಯಿದ್ದರೆ ಬೇರೆ ಪುಡಿ, ದ್ರಾವಣ ಇಲ್ಲದೆಯೂ ಗೊಬ್ಬರವಾಗುತ್ತದೆ. ಮುಂದಿನ ಸಲ "ಫಿನಾಯಿಲ್ ಸುರಿಯಿರಿ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. "ಒಂದು ಹಿಡಿ ತರಗೆಲೆ ಹಾಕಿ" ಎಂದು ಉತ್ತರ ಕಳಿಸಿ.