ಧ್ವನಿವರ್ಧಕದ ವಾದ್ಯಾಂಗತ್ವ: ವಿದ್ಯುದ್ಗಿಟಾರುಗಳ ಸಂಗ್ರಹವೂ ಶಿರಸಿ ಸೀಮೆಯ ಹಿಮ್ಮೇಳವೂ

ಘಟ್ಟದ ಮೇಲಣ ಶಿರಸಿ, ಸಿದ್ಧಾಪುರ, ಯಲ್ಲಾಪುರ ಸೀಮೆಗಳಲ್ಲಿ ಬಡಗುತಿಟ್ಟಿನ ಹಿಮ್ಮೇಳವು ಭಾಗವತರ ಕಂಠ, ತಾಳ, ಮದ್ದಳೆ, ಚಂಡೆಗಳನ್ನು ಆಶ್ರಯಿಸಿರುವುದು. ಶ್ರುತಿಗೆ ಹಿಂದೆ ಸೋರೆಬುರುಡೆಯ ಪುಂಗಿಯಿದ್ದಿತು. ಅನಂತರ ಹಾರ್ಮೋನಿಯಂ ಬಂದಿತು. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ನಿರ್ಮಿಸಿದ ಮೇಲೆ ಆ ಜಾತಿಯ ಪೆಟ್ಟಿಗೆಗಳೂ ರಂಗವನ್ನೇರಿದುವು. ಆದರೂ ಭಾಗವತರು ತಮ್ಮ ಶ್ರುತಿಯನ್ನು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಹಾರ್ಮೋನಿಯಮ್ಮಿನ ಮನೆಗಳಿಂದಲೇ ಹೆಸರಿಸುವರು. ವಾದ್ಯವು ತೆರಳಿದರೂ ಅದರ ಪರಿಭಾಷೆ ನಿಲ್ಲುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಆದರೆ ಗಾನದ ರೀತಿಯನ್ನೇ ಮಾರ್ಪಡಿಸಿದುದು ಇವುಗಳಲ್ಲಿ ಯಾವುದೂ ಅಲ್ಲ. ಜನರು ಮೈಕೆಂದು ಕರೆಯುವ ಧ್ವನಿಗ್ರಾಹಕವೂ ಅದರೊಡನೆ ಬಂದ ಧ್ವನಿವರ್ಧಕವೂ. ಬಯಲಿನ ಕೊನೆಯ ಸಾಲಿಗೆ ಪದ ಮುಟ್ಟಬೇಕಾಗಿದ್ದಾಗ ಭಾಗವತರು ಚಂಡೆಯ ನಾದವನ್ನು ಮೀರುವಂತೆ ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಯಂತ್ರವು ಬಂದ ಬಳಿಕ ಶ್ರುತಿಯನ್ನು ಇಳಿಸುವುದಕ್ಕೂ ರಾಗವನ್ನು ಹಿಂಜಿ ವಿಸ್ತರಿಸುವುದಕ್ಕೂ ಎಡೆಯಾಯಿತು. ಇಷ್ಟು ಪರಿಣಾಮಕಾರಿಯಾದ ವಸ್ತುವನ್ನು ಹಿಮ್ಮೇಳದ ವಾದ್ಯಗಳೊಡನೆ ಎಣಿಸುವ ರೂಢಿಯಿಲ್ಲ. ಭರತನ ಕಾಲದಿಂದ ಬಂದ ತತ, ಸುಷಿರ, ಅವನದ್ಧ, ಘನವೆಂಬ ಚತುರ್ವಿಧ ವಿಭಾಗದಲ್ಲಿ ಅದಕ್ಕೆ ಸ್ಥಾನವಿಲ್ಲವೆಂಬುದು ಇದಕ್ಕೆ ಹೇಳಬಹುದಾದ ಕಾರಣ.

ಈ ಕಾರಣವು ವಿಚಾರಕ್ಕೆ ನಿಲ್ಲದು. ಶಾರ್ಙ್ಗದೇವನು ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಏಕತಂತ್ರೀ ವೀಣೆಯನ್ನು ವರ್ಣಿಸುವಾಗ ದಂಡ, ಕಕುಭ, ಪತ್ರಿಕೆಗಳೊಡನೆ ತುಂಬವನ್ನೂ, ಎಂದರೆ ಸೋರೆಬುರುಡೆಯನ್ನೂ, ಅಂಗವಾಗಿಯೇ ಹೇಳಿರುವನು. ಬುರುಡೆಯು ಸ್ವತಃ ಸ್ವರವನ್ನು ಹುಟ್ಟಿಸದು. ತಂತಿಯ ನಾದವನ್ನು ಬೆಳೆಸುವುದು. ಕಾರ್ಯವು ಒಂದೇ ಆದ ಮೇಲೆ, ಬುರುಡೆಗೆ ಸಂದ ಅಂಗತ್ವವನ್ನು ಯಂತ್ರಕ್ಕೆ ಮಾತ್ರ ನಿರಾಕರಿಸುವುದೆಂತು?

ಪಾಶ್ಚಾತ್ಯರ ವಿದ್ಯುದ್ಗಿಟಾರು ಇದೇ ವಿಷಯಕ್ಕೆ ಸ್ಪಷ್ಟವಾದ ಸಾಕ್ಷಿ. ಅಲ್ಲಿಯೂ ಮೇಳದ ತುತ್ತೂರಿಗಳ ನಡುವೆ ತಂತಿಯ ದನಿ ಕೇಳಿಸುತ್ತಿರಲಿಲ್ಲ. 1932ರಲ್ಲಿ ಲಾಸ್ ಏಂಜಲೀಸಿನಿಂದ ಹೊರಟ ರಿಕನ್‌ಬ್ಯಾಕರ್ ಗಿಟಾರು ಎರಕದ ಅಲ್ಯೂಮಿನಿಯಮ್ಮಿನದು. ಆಕಾರದಿಂದ ಅದಕ್ಕೆ ‘ಬಾಣಲೆ’ ಎಂಬ ಅಡ್ಡಹೆಸರೇ ಬಂದಿತು. ತೊಡೆಯ ಮೇಲೆ ಮಲಗಿಸಿ, ನಮ್ಮ ಗೋಟುವಾದ್ಯದಂತೆ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸತಕ್ಕದ್ದು. ತಂತಿಯ ಕಂಪನವನ್ನು ಅಯಸ್ಕಾಂತವು ವಿದ್ಯುತ್ತಾಗಿ ಗ್ರಹಿಸುವುದರಿಂದ ಪೊಳ್ಳಾದ ಒಡಲು ಅನಾವಶ್ಯಕವಾಯಿತು. ಬುರುಡೆಯ ಕೆಲಸವು ದೂರದಲ್ಲಿಟ್ಟ ಪೆಟ್ಟಿಗೆಗೆ ಸಂದಿತು. 1936ರಲ್ಲಿ ಗಿಬ್ಸನ್ ಸಂಸ್ಥೆಯು ಇ.ಎಸ್. 150 ಎಂಬ ಗಿಟಾರನ್ನು ಅದಕ್ಕೆ ತಕ್ಕ ಧ್ವನಿವರ್ಧಕದ ಜೊತೆಗೆ ಮಾರಿತು.

ಅಲ್ಲಿಂದ ಮುಂದಿನ ಕಥೆ ಇನ್ನೂ ವಿಚಿತ್ರ. ವಾಲ್ವುಗಳ ಶಕ್ತಿಯನ್ನು ಮೀರಿ ದುಡಿಸಿದಾಗ ನಾದವು ಒಡೆದು ಕರಕರವೆನ್ನುವುದು; ಮೊದಲು ಅದು ದೋಷವೆನಿಸಿತ್ತು. ಮುಂದೆ ವಾದಕರು ಅದನ್ನೇ ಬಯಸಿ ತರಿಸಿದರು. ದೋಷವೇ ಸಂದರ್ಭವಿಶೇಷದಲ್ಲಿ ಗುಣವಾಗುವುದೆಂಬುದು ನಮ್ಮ ಆಲಂಕಾರಿಕರಿಗೆ ಹೊಸತಲ್ಲ. ಲಂಡನ್ನಿನ ಜಿಮ್ ಮಾರ್ಷಲ್ 1960ರ ದಶಕದ ಆರಂಭದಲ್ಲಿ ಫೆಂಡರ್ ಬಾಸ್‌ಮನ್ನಿನ ಮಾದರಿಯನ್ನನುಸರಿಸಿ ಕಟ್ಟಿಸಿದ ಪೆಟ್ಟಿಗೆಗಳಿಗೆ ಕೀರ್ತಿ ಬಂದುದು ಈ ದನಿಯಿಂದಲೇ. ಆದುದರಿಂದ ಅಲ್ಲಿಯ ಸಂಗ್ರಾಹಕರು ಗಿಟಾರನ್ನಷ್ಟೇ ಅಲ್ಲದೆ ಆ ಕಾಲದ ಧ್ವನಿವರ್ಧಕವನ್ನೂ ಅರಸುವರು. ಹಳೆಯ ಬಣ್ಣವನ್ನು ಕೆರೆದು ಹೊಸದನ್ನು ಬಳಿದರೆ ಬೆಲೆ ಕುಸಿಯುವುದು. ಮಾರಾಟ ಸಾಲದೆ 1960ರಲ್ಲಿ ನಿಂತುಹೋದ ಗಿಬ್ಸನ್ನಿನ ಲೆಸ್ ಪಾಲ್ ಗಿಟಾರಿಗೆ, ಮಾಸಿದ ಕೆಂಬಣ್ಣದೊಡನೆಯೇ, ಇಂದು ಅಪಾರ ಮೌಲ್ಯ. ಆದರೆ ಪೆಟ್ಟಿಗೆಯ ಒಳಗಿನ ಕಂಡೆನ್ಸರುಗಳು ಒಣಗುವುವು, ವಾಲ್ವುಗಳು ಸೋಲುವುವು. ಬದಲಿಸದಿದ್ದರೆ ನುಡಿಯದು, ಬದಲಿಸಿದರೆ ಹಳೆಯದಲ್ಲ.

ಈ ಸಂಕಟವು ಮದ್ದಳೆಗಾರರಿಗೆ ಪರಿಚಿತವೇ. ಮುಚ್ಚಿಗೆಯು ಹರಿದರೆ ಹೊಸತನ್ನು ಬಿಗಿಯಿಸುವರು. ಮರದ ಒಡಲು ಉಳಿಯುವುದು. ಮದ್ದಳೆ ಅದೇ ಎಂದು ಎಲ್ಲರೂ ಒಪ್ಪುವರು. ವಾಲ್ವಿನ ಪೆಟ್ಟಿಗೆಗೆ ಈ ನ್ಯಾಯವು ದೊರೆತಿಲ್ಲ. ಮದ್ದಳೆಯು ಅಟ್ಟವನ್ನೇರುವುದು, ಪೆಟ್ಟಿಗೆಯು ಗುಜರಿಗೆ ಹೋಗುವುದು.

ಶಿರಸಿ ಸೀಮೆಯವರಾದ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿಯೂ ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿಯೂ ತೀರಿಕೊಂಡರು. ಇಂತಹವರ ಗಾನವು ಮುಂದಿನವರಿಗೆ ದೊರೆಯುವುದು ಧ್ವನಿಮುದ್ರಣಗಳಿಂದ. ಅಲ್ಲಿ ಕೇಳಿಬರುವುದರಲ್ಲಿ ಕಂಠದ್ದೆಷ್ಟು, ಯಂತ್ರದ್ದೆಷ್ಟು ಎಂದು ಬೇರ್ಪಡಿಸಬೇಕಾದರೆ ಯಂತ್ರವೂ ಕೈಯಲ್ಲಿರಬೇಕು. ಹಿಮ್ಮೇಳದ ವಸ್ತುಗಳನ್ನು ಕೂಡಿಡುವವರು ಪ್ರತಿಯೊಂದಕ್ಕೂ ಮೇಳದ ಹೆಸರು, ಬಳಸಿದ ವರ್ಷ, ಶ್ರುತಿಯ ಮನೆ, ಮುಚ್ಚಿಗೆಯನ್ನೋ ವಾಲ್ವನ್ನೋ ಬದಲಿಸಿದ ಕಾಲ, ಜೊತೆಗಿದ್ದ ಧ್ವನಿಗ್ರಾಹಕದ ಜಾತಿ, ಇಷ್ಟನ್ನು ಬರೆದಿಡತಕ್ಕದ್ದು.