ಜೇನು ಕಡಿದಾಗ ಜೀವ ಉಳಿಸುವ ಅಡ್ರಿನಾಲಿನ್, ಚೇಳು ಕಡಿದಾಗ ಯಾಕೆ ಬೇಡ?

ಬಸವಕಲ್ಯಾಣ: ಸಸ್ತಾಪುರ ಬಂಗ್ಲಾ ಹತ್ತಿರ ಹೈವೇ ದಾಟುವಾಗ ಲಾರಿಯೊಂದು ಒಮ್ಮೆಲೇ ಮೈಮೇಲೆ ಬಂತು ಅಂದುಕೊಳ್ಳಿ. ಹಿಂದಕ್ಕೆ ಜಿಗಿಯೋದು ನರಗಳ ಕೆಲಸ. ಆಮೇಲೆ ಎದೆ ಡಬಡಬ ಹೊಡ್ಕೊಳ್ತದಲ್ಲ, ಕೈ ನಡುಗ್ತದಲ್ಲ, ಅದರಲ್ಲಿ ದೊಡ್ಡ ಪಾಲು ಅಡ್ರಿನಾಲಿನ್‌ದು.

ಎರಡೂ ಕಿಡ್ನಿ ಮೇಲೆ ಟೋಪಿ ಇಟ್ಟಂಗೆ ಒಂದೊಂದು ಸಣ್ಣ ಗ್ರಂಥಿ ಇರ್ತದೆ. ಗಾಬರಿಯಾದಾಗ ಅದರ ಒಳಭಾಗದಿಂದ ಈ ರಸ ನೇರ ರಕ್ತಕ್ಕೆ ಸೇರ್ತದೆ. ಆಗ ಹೃದಯ ಜೋರಾಗ್ತದೆ, ಉಸಿರಿನ ನಳಿಕೆ ಅಗಲ ಆಗ್ತದೆ, ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬರ್ತದೆ. ಚರ್ಮ ಮತ್ತು ಹೊಟ್ಟೆಯ ರಕ್ತನಾಳ ಬಿಗಿಯಾಗಿ ರಕ್ತ ಕೈಕಾಲಿನ ಸ್ನಾಯುಗಳಿಗೆ ಹರೀತದೆ. ಮುಖ ಬಿಳಿಚಿಕೊಳ್ಳೋದು ಅದಕ್ಕೇ. ಕೆಲವೇ ನಿಮಿಷದಲ್ಲಿ ದೇಹವೇ ಅದನ್ನು ಒಡೆದು ಹಾಕ್ತದೆ. ಪ್ರಾಣಿಗಳ ಗ್ರಂಥಿಯಿಂದ ಇದನ್ನು ಶುದ್ಧವಾಗಿ ಬೇರ್ಪಡಿಸಿದ್ದನ್ನು 1901ರಲ್ಲಿ ಪ್ರಕಟಿಸಿದವರು ಅಮೆರಿಕದಲ್ಲಿದ್ದ ಜಪಾನಿನ ಜೋಕಿಚಿ ತಕಾಮಿನೆ.

ಇದೇ ರಸ ಔಷಧಿಯೂ ಹೌದು. 1 ಮಿ.ಲೀ. ಆಂಪೂಲ್‌ನಲ್ಲಿ 1 ಮಿ.ಗ್ರಾಂ ಇರ್ತದೆ. ದೊಡ್ಡ ಬೆಲೆಯ ಔಷಧಿ ಏನಲ್ಲ, ಆದರೆ ಹೊತ್ತಿಗೆ ಸಿಕ್ಕರೆ ಜೀವ ಉಳೀತದೆ. ಜೇನು ಕಡಿದಾಗ, ಯಾವುದೋ ಇಂಜೆಕ್ಷನ್ ಒಗ್ಗದೆ ಹೋದಾಗ ಕೆಲವರಿಗೆ ನಿಮಿಷಗಳಲ್ಲೇ ಮೈತುಂಬ ಗಂಧೆ ಏಳ್ತದೆ, ತುಟಿ, ನಾಲಿಗೆ ಊದ್ತದೆ, ಗಂಟಲು ಕಟ್ಟಿ ಉಸಿರು ಸಿಕ್ಕಂಗಾಗ್ತದೆ. ರಕ್ತನಾಳಗಳು ಸಡಿಲಾಗಿ ಬಿಪಿ ಕುಸೀತದೆ. ಇದನ್ನೆಲ್ಲ ತಿರುಗಿಸಿ ಹಾಕೋದು ಅಡ್ರಿನಾಲಿನ್. ದೊಡ್ಡವರಿಗೆ ಅರ್ಧ ಮಿ.ಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಂದು. ಮಕ್ಕಳಿಗೆ ತೂಕ ನೋಡಿ ಕೊಡ್ತಾರೆ.

ನಮ್ಮ ಕಡೆ ಇಂಥ ಹೊತ್ತಿನಲ್ಲೂ "ಒಂದು ಏವಿಲ್ ಹಾಕಿಸ್ಕೊಂಡ್ರೆ ಸಾಕು" ಅನ್ನುವವರು ಬಹಳ. ಏವಿಲ್‌ನಿಂದ ತುರಿಕೆ, ಗಂಧೆ ಕಡಿಮೆ ಆಗಬಹುದು. ಕುಸಿದ ಬಿಪಿ ಏರಲ್ಲ, ಕಟ್ಟಿದ ಗಂಟಲು ಬಿಡಲ್ಲ. ಮೊದಲು ಅಡ್ರಿನಾಲಿನ್, ಉಳಿದದ್ದು ಆಮೇಲೆ. ಅಲ್ಲಿವರೆಗೂ ರೋಗಿಯನ್ನು ಎಬ್ಬಿಸಿ ನಡೆಸಬಾರದು. ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು, ಉಸಿರಿಗೆ ಕಷ್ಟ ಇದ್ದರೆ ಕೂರಿಸಬಹುದು.

ಹಾವು ಕಡಿದಾಗಲೂ ಇದರ ಪಾತ್ರ ಇದೆ. ಹಾವಿನ ವಿಷಕ್ಕೆ ಕೊಡುವ ಔಷಧಿಯನ್ನು ಕುದುರೆಯ ರಕ್ತದಿಂದ ಮಾಡ್ತಾರೆ. ಕೆಲವರ ಮೈಗೆ ಅದೇ ಒಗ್ಗೋದಿಲ್ಲ. ಅದಕ್ಕೇ ಅಡ್ರಿನಾಲಿನ್ ಸಿರಿಂಜ್ ಪಕ್ಕದಲ್ಲಿ ತಯಾರಿಟ್ಟುಕೊಂಡೇ ವೈದ್ಯರು ಅದನ್ನು ಶುರು ಮಾಡಬೇಕು. ಹೊಲದಿಂದ ನೇರ ಆಸ್ಪತ್ರೆಗೇ ಹೋಗಿ ಅನ್ನೋದಕ್ಕೆ ಇದೂ ಒಂದು ಕಾರಣ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಚೇಳಿನ ಲೆಕ್ಕ ಮಾತ್ರ ಉಲ್ಟಾ. ಕಲ್ಲು ರಾಶಿಯಲ್ಲಿ ಅಡಗುವ ಕೆಂಪು ಚೇಳು ಕಡಿದರೆ ದೇಹದೊಳಗೇ ಅಡ್ರಿನಾಲಿನ್ ಮತ್ತು ಅದರ ಜೊತೆಗಾರ ರಸಗಳು ಪ್ರವಾಹದಂಗೆ ಹರೀತಾವೆ. ವಾಂತಿ, ಮೈತುಂಬ ಬೆವರು, ತಣ್ಣಗಾದ ಕೈಕಾಲು, ಏರಿದ ಬಿಪಿ. ಕೊನೆಗೆ ಪುಪ್ಪುಸದಲ್ಲಿ ನೀರು ತುಂಬಬಹುದು. ಅಂಥವರಿಗೆ ಮತ್ತೆ ಅಡ್ರಿನಾಲಿನ್ ಕೊಟ್ಟರೆ ಉರಿಯೋ ಬೆಂಕಿಗೆ ಎಣ್ಣೆ ಹಾಕಿದಂಗೆ. ಬಿಗಿದ ರಕ್ತನಾಳ ಸಡಿಲಿಸುವ ಪ್ರಾಜೋಸಿನ್ ಮಾತ್ರೆ ಇಲ್ಲಿ ಕೆಲಸಕ್ಕೆ ಬರ್ತದೆ ಅಂತ ತೋರಿಸಿಕೊಟ್ಟವರು ನೆರೆಯ ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಯಾರಿಗೆ ಯಾವುದು ಅನ್ನೋದು ವೈದ್ಯರ ತೀರ್ಮಾನ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಗೊಳ್ಳೋದಲ್ಲ.

ಹಲ್ಲು ಕೀಳುವ ಮುಂಚೆ ಕೊಡುವ ಮರಗಟ್ಟುವ ಇಂಜೆಕ್ಷನ್‌ನಲ್ಲೂ ಬಹಳ ಸಲ ಇದು ಚೂರು ಬೆರೆತಿರ್ತದೆ. ರಕ್ತ ಕಡಿಮೆ ಹೋಗ್ತದೆ, ಮರಗಟ್ಟಿದ್ದು ಹೆಚ್ಚು ಹೊತ್ತು ಇರ್ತದೆ. ಹೃದಯದ ತೊಂದರೆ, ಬಿಪಿ ಇದ್ದವರು ಮೊದಲೇ ಹೇಳಬೇಕು.

ಈ ಆಂಪೂಲ್‌ಗೆ ಬೆಳಕು ಆಗಿಬರಲ್ಲ. ಒಳಗಿನ ನೀರು ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಬಳಸಬಾರದು.

108ಕ್ಕೆ ಫೋನ್ ಮಾಡುವಾಗ ಏನು ಕಡಿದಿದೆ, ಎಷ್ಟು ಹೊತ್ತಾಯ್ತು, ಉಸಿರಾಟ ಹೇಗಿದೆ, ಈ ಮೂರನ್ನೂ ಮೊದಲೇ ಹೇಳಿಬಿಡಿ.