ಇಬ್ಬರು ಪತ್ರಕರ್ತರು ಮತ್ತು ಬೀದರಿನ ಸತ್ಯ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಧ್ವಜಾರೋಹಣ ನಡೆಯುತ್ತದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿನ ದಿನವದು. ಆ ವರ್ಷದ ಕತೆಯನ್ನು ಕೆಲವರು ರಜಾಕಾರರ ದೌರ್ಜನ್ಯದಿಂದ ಆರಂಭಿಸುತ್ತಾರೆ, ಇನ್ನು ಕೆಲವರು ಅದರ ನಂತರದ ಮುಸ್ಲಿಮರ ಹತ್ಯೆಯಿಂದ. ಇವೆರಡನ್ನೂ ದಾಖಲಿಸಿದವರಲ್ಲಿ ಇಬ್ಬರು ಮುಸ್ಲಿಮ್ ಪತ್ರಕರ್ತರಿದ್ದರು ಎಂಬುದು ಎಷ್ಟು ಜನರಿಗೆ ಗೊತ್ತು?

ಮೊದಲನೆಯವರು ಶೊಯೇಬುಲ್ಲಾ ಖಾನ್. ಅವರು ಕೆಲಸ ಮಾಡಿದ 'ತಾಜ್' ಮತ್ತು 'ರಯ್ಯತ್' ಎರಡೂ ಉರ್ದು ಪತ್ರಿಕೆಗಳನ್ನು ನಿಜಾಮ್ ಸರ್ಕಾರ ನಿಲ್ಲಿಸಿತು. ಅವರು ಎದೆಗುಂದದೆ 1947ರ ಕೊನೆಯಲ್ಲಿ 'ಇಮ್ರೋಜ್' ದಿನಪತ್ರಿಕೆ ಆರಂಭಿಸಿದರು. ಆಗ ರಜಾಕಾರರು ಊರೂರುಗಳಿಂದ ಹಣ ವಸೂಲಿ ಮಾಡುತ್ತಿದ್ದರು, ಕೊಡದ ಊರು ಲೂಟಿಯಾಗುತ್ತಿತ್ತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಹತ್ಯಾಕಾಂಡವೇ ನಡೆಯಿತು. ಇಂಥ ಕಾಲದಲ್ಲಿ ಶೊಯೇಬುಲ್ಲಾ ರಜಾಕಾರರ ಅನ್ಯಾಯದ ವಿರುದ್ಧ ಬರೆದರು. ಸಂಸ್ಥಾನ ಭಾರತದಲ್ಲಿ ವಿಲೀನವಾಗಬೇಕೆಂದು ಕೆಲವು ಮುಸ್ಲಿಮ್ ಗಣ್ಯರು ಕೊಟ್ಟ ಹೇಳಿಕೆಯನ್ನೂ ಪ್ರಕಟಿಸಿದರು. ಸ್ವಧರ್ಮೀಯನೇ ಎದುರು ನಿಂತದ್ದನ್ನು ಅವರು ಸಹಿಸಲಿಲ್ಲ. 1948ರ ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಮರಳುತ್ತಿದ್ದ ಅವರ ಮೇಲೆ ಹೈದರಾಬಾದಿನ ಬೀದಿಯಲ್ಲಿ ದಾಳಿ ನಡೆಯಿತು. ಬರೆಯುವ ಕೈಯನ್ನೇ ಕತ್ತರಿಸಿದರು. ಬೆಳಗಾಗುವಷ್ಟರಲ್ಲಿ ಅವರು ಕೊನೆಯುಸಿರೆಳೆದಿದ್ದರು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ.

ಮೂರು ವಾರಗಳಲ್ಲಿ ಭಾರತದ ಸೇನೆ ಬಂತು, ನಿಜಾಮ್ ಶರಣಾದರು. ಆದರೆ ರಕ್ತಪಾತ ನಿಲ್ಲಲಿಲ್ಲ, ಗುರಿ ಮಾತ್ರ ಬದಲಾಯಿತು. ರಜಾಕಾರರ ಪಾಪಕ್ಕೆ ಸಾಮಾನ್ಯ ಮುಸ್ಲಿಮರು ಬೆಲೆ ತೆತ್ತರು. ಪರಿಸ್ಥಿತಿ ತಿಳಿಯಲು ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ತಂಡದಲ್ಲಿದ್ದ ಕಾಜಿ ಅಬ್ದುಲ್ ಗಫಾರ್ ಎರಡನೆಯ ಪತ್ರಕರ್ತರು, ಹೈದರಾಬಾದಿನ 'ಪಯಾಮ್' ಪತ್ರಿಕೆಯ ಸ್ಥಾಪಕರು. ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ತಂಡ ಅಂದಾಜಿಸಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ವರದಿ ರಜಾಕಾರರ ವಸೂಲಿ, ಲೂಟಿಗಳನ್ನು ಮರೆಮಾಚಲಿಲ್ಲ. ಜೀವದ ಹಂಗು ತೊರೆದು ಮುಸ್ಲಿಮರನ್ನು ಕಾಪಾಡಿದ ಹಿಂದೂಗಳನ್ನೂ ಮರೆಯಲಿಲ್ಲ. ಆದರೂ ಸರ್ಕಾರ ಅದನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ.

ಸತ್ಯವನ್ನು ಕೊಲ್ಲಲು ಎರಡು ದಾರಿಗಳಿವೆ: ಬರೆದವನನ್ನು ಕೊಲ್ಲುವುದು, ಬರೆದದ್ದನ್ನು ಹೂತಿಡುವುದು. ಒಂದನ್ನು ಗೂಂಡಾಗಳು ಮಾಡಿದರು, ಇನ್ನೊಂದನ್ನು ಸರ್ಕಾರವೇ ಮಾಡಿತು. ಹೂತಿಟ್ಟ ಸತ್ಯದ ಜಾಗದಲ್ಲಿ ವದಂತಿ ಬೆಳೆಯುತ್ತದೆ, ವದಂತಿಯ ಮೇಲೆ ರಾಜಕೀಯ ಬೆಳೆಯುತ್ತದೆ.

2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದಾಗ ನಾಡು ಮರುಗಿತು. ಆದರೆ ಮರುಕವಷ್ಟೇ ಸಾಲದು. ನಮ್ಮವರ ತಪ್ಪನ್ನು ನಮ್ಮವನೇ ಬರೆದಾಗ ನಾವು ಅವನ ಜೊತೆ ನಿಲ್ಲುತ್ತೇವೆಯೇ? ಶೊಯೇಬುಲ್ಲಾ ನಮಗೆ ಬಿಟ್ಟುಹೋದ ಪ್ರಶ್ನೆ ಇದು. ಹಿಂದೂಗಳೂ ಮುಸ್ಲಿಮರೂ ಇದಕ್ಕೆ ಉತ್ತರಿಸಬೇಕಾಗಿದೆ.